ಹಳೇ ಜೀಪಿಗೆ ಉಪಗ್ರಹದ ಮೀಟರು

ಹಳೆಯ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಕೂತ ವೇಗದ ಮೀಟರಿಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಗೇರ್‌ಬಾಕ್ಸಿನ ಹಿಂದೆ, ಟ್ರಾನ್ಸ್‌ಫರ್ ಕೇಸಿನೊಳಗೆ ತಿರುಗುವ ಒಂದು ಸಣ್ಣ ಹಲ್ಲಿನ ಚಕ್ರ ಮಾತ್ರ. ಆ ಚಕ್ರ ಕೇಬಲ್ಲನ್ನು ತಿರುಗಿಸುತ್ತದೆ, ಕೇಬಲ್ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ, ಅಯಸ್ಕಾಂತಕ್ಕೆ ತಾಗದಂತೆ ಕೂಡಿಸಿದ ಅಲ್ಯೂಮಿನಿಯಂ ಬಟ್ಟಲು ಆ ಸುತ್ತಿನ ಸೆಳೆತಕ್ಕೆ ತುಸು ಹೊರಳುತ್ತದೆ. ಅದನ್ನು ಹಿಂದಕ್ಕೆ ಜಗ್ಗಲು ಒಂದು ಸುರುಳಿ ಸ್ಪ್ರಿಂಗ್. ಎರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಂತಿತೋ ಅದೇ ವೇಗ. ಓಟ್ಟೊ ಶುಲ್ಜೆ ಎಂಬ ಜರ್ಮನ್ ಎಂಜಿನಿಯರ್ 1902ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ಇಪ್ಪತ್ತನೇ ಶತಮಾನದ ಬಹುಪಾಲು ವಾಹನಗಳು ಇದನ್ನೇ ನಂಬಿ ಓಡಿದವು.

ಕಂಪನಿಯಿಂದ ಬಂದಂತೆಯೇ ಉಳಿದ ಗಾಡಿಯಲ್ಲಿ ಈ ಮೀಟರನ್ನು ನಂಬಬಹುದು. ಆದರೆ ಕೈಯಲ್ಲಿ ಕಟ್ಟಿದ ಗಾಡಿಯ ಕಥೆ ಬೇರೆ. ಚಾಸಿ ಒಂದು ಕಾಲದ್ದು, ಎಂಜಿನ್ ಇನ್ನೊಂದರದು, ಆಕ್ಸಲ್ ಹೌಸಿಂಗ್ ಗುಜರಿಯಲ್ಲಿ ಸಿಕ್ಕಿದ್ದು, ಟೈರು ಅಂಗಡಿಯಲ್ಲಿ ಇದ್ದದ್ದು. ಎಲ್ಲ ಕೂಡಿ ಗಾಡಿ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಮೀಟರು ಮಾತ್ರ ತಾನು ಹುಟ್ಟಿದ ಗಾಡಿಯ ಲೆಕ್ಕವನ್ನೇ ಇಲ್ಲೂ ಹೇಳುತ್ತಿರುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗ್ಯಾರೇಜುಗಳಿಗೆ ಹೀಗೆ ಕೂಡಿಸುವ ಕೆಲಸ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಸೀಮೆಯಾದ ಮೇಲೆ ಇಲ್ಲಿ ಟ್ರ್ಯಾಕ್ಟರು, ಟ್ರೇಲರು, ಕಟಾವು ಯಂತ್ರ ಎಂದು ಕಬ್ಬಿಣದ ಕೆಲಸಕ್ಕೆ ಬಿಡುವಿಲ್ಲ. ಸುಗ್ಗಿಯ ನಡುವೆ ಯಂತ್ರ ಕೆಟ್ಟರೆ ಕಂಪನಿಯ ಬಿಡಿಭಾಗ ಬರುವತನಕ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇರುವುದನ್ನೇ ತುಂಡರಿಸಿ, ಬೆಸೆದು, ಲೇತ್‌ಗೆ ಕಟ್ಟಿ ಕೂಡಿಸುತ್ತಾರೆ. ಕೈ ಹೀಗೆ ಪಳಗಿದವರಿಗೆ ಹಳೇ ಮಹೀಂದ್ರ ಜೀಪಿನ ಚಾಸಿ ಸಿಕ್ಕಿದರೆ ಅದನ್ನು ತೂಕಕ್ಕೆ ಹಾಕಲು ಮನಸ್ಸು ಬರುವುದಿಲ್ಲ.

ನಮ್ಮ ಸುತ್ತಮುತ್ತಲ ಸೀಮೆಗೂ ಈ ಹುಚ್ಚು ಹಳೆಯದೇ. ಬೆಳಗಾವಿಯ ಗಡಿ ದಾಟಿದರೆ ಸಿಗುವ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು 1940ರ ದಶಕದಿಂದಲೇ ‘ಮೀರಾ’ ಎಂಬ ಪುಟ್ಟ ಕಾರನ್ನು ತಾವೇ ರೂಪಿಸುತ್ತ, ತಿದ್ದುತ್ತ ಹೋದರು. ದೊಡ್ಡ ಕಾರ್ಖಾನೆಯಲ್ಲಿ ಅದು ತಯಾರಾಗುವ ದಿನ ಬರಲೇ ಇಲ್ಲ. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕುಶಲಕರ್ಮಿಯೊಬ್ಬರು ಗುಜರಿ ಸಾಮಾನಿನಿಂದ ಕಟ್ಟಿದ, ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪಿನ ವಿಡಿಯೊ 2021ರ ಕೊನೆಯಲ್ಲಿ ದೇಶವನ್ನೆಲ್ಲ ಸುತ್ತಿತು. ಉದ್ಯಮಿ ಆನಂದ್ ಮಹೀಂದ್ರ ಆ ಜೀಪನ್ನು ತಮ್ಮ ಸಂಶೋಧನಾ ಕೇಂದ್ರಕ್ಕೆ ಪಡೆದು, ಬದಲಿಗೆ ಒಂದು ಬೊಲೆರೊ ಕೊಟ್ಟರು. ಇಂಥ ಕೈಗಳ ಬಗ್ಗೆ ನನಗೆ ಗೌರವವಿದೆ. ಆದ್ದರಿಂದಲೇ ಅವರು ಕಟ್ಟಿದ ಗಾಡಿಯ ವೇಗ ಸರಿಯಾಗಿ ಗೊತ್ತಾಗಬೇಕು ಎಂಬ ಆಸೆಯೂ ಇದೆ.

ಮುಳ್ಳು ಎಷ್ಟು ತಪ್ಪುತ್ತದೆ?

ಲೆಕ್ಕ ಕಷ್ಟದ್ದೇನಲ್ಲ. ಹಳೆಯ ಸಿಜೆ-3ಬಿ ಜೀಪಿನ ಕ್ರೌನ್ ಪಿನಿಯನ್ 8ಕ್ಕೆ 43 ಹಲ್ಲಿನದು. ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ಅದರ ಜಾಗಕ್ಕೆ 8ಕ್ಕೆ 39ರ, ಅಂದರೆ 4.88ರ ಹೌಸಿಂಗ್ ಕೂಡಿಸಿದರೆ ಗಾಡಿ ಹೈವೇಯಲ್ಲಿ ಹಗುರಾಗಿ ಓಡುತ್ತದೆ, ಎಂಜಿನ್ನಿನ ಅರಚಾಟ ಕಡಿಮೆಯಾಗುತ್ತದೆ. ಆದರೆ ಅದೇ ವೇಗಕ್ಕೆ ಶಾಫ್ಟ್ ನೂರರಲ್ಲಿ ಒಂಬತ್ತು ಸುತ್ತು ಕಡಿಮೆ ತಿರುಗುತ್ತದೆ. ಮೀಟರಿನ ಕೇಬಲ್ ಹೊರಡುವುದು ಆ ಶಾಫ್ಟಿನ ಬುಡದಿಂದಲೇ. ಗಾಡಿ 50ರಲ್ಲಿ ಹೋಗುತ್ತಿದ್ದರೆ ಮುಳ್ಳು 45 ತೋರಿಸುತ್ತದೆ.

ಇನ್ನು ಟೈರು. ಮೂಲದ 6.00-16ರ ಬದಲು 7.00-16 ಹಾಕಿದರೆ ಟೈರಿನ ಎತ್ತರ ಸುಮಾರು ಎರಡು ಇಂಚು ಹೆಚ್ಚುತ್ತದೆ. ಪ್ರತಿ ಸುತ್ತಿಗೆ ಗಾಡಿ ಶೇಕಡಾ ಏಳರಷ್ಟು ಹೆಚ್ಚು ದೂರ ಹೋಗುತ್ತದೆ. ಎರಡು ತಪ್ಪೂ ಒಂದೇ ದಿಕ್ಕಿನವು, ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಮುಳ್ಳು 60ರ ಮೇಲೆ ನಿಂತಾಗ ಗಾಡಿ 70 ದಾಟಿರುತ್ತದೆ. ಡ್ರಮ್ ಬ್ರೇಕಿನ, ಎಲೆಪಟ್ಟಿ ಸ್ಪ್ರಿಂಗಿನ, ಅಗಲ ಕಡಿಮೆಯಿರುವ ಗಾಡಿಗೆ ಆ ಹತ್ತು ಕಿಲೋಮೀಟರ್ ಸಣ್ಣದಲ್ಲ.

ನಾನೂ ಗೆಳೆಯರೂ ಸೇರಿ ಎಬ್ಬಿಸಿ ನಿಲ್ಲಿಸಿದ ಜೀಪಿನ ಪಾಡೂ ಇದೇ ಆಗಿತ್ತು. ಕಾಗದಪತ್ರ ಸರಿಯಿದ್ದ ಹಳೇ ಚಾಸಿ, ಡೀಸೆಲ್ ಎಂಜಿನ್, ದಪ್ಪ ಟೈರು. ಮೀಟರಿನ ಹಲ್ಲಿನ ಚಕ್ರವನ್ನೇ ಬದಲಿಸಿ ಲೆಕ್ಕ ಕೂಡಿಸುವುದು ಒಂದು ದಾರಿ. ಆದರೆ ಬೇಕಾದ ಹಲ್ಲಿನ ಚಕ್ರ ಹುಡುಕಿ ತರುವುದು ಸುಲಭವಿಲ್ಲ, ನಾಳೆ ಟೈರು ಬದಲಿಸಿದರೆ ಮತ್ತೆ ಅದೇ ಹಾಡು. ಹೀಗಾಗಿ ಎಂಜಿನ್, ಗೇರು, ಟೈರು ಯಾವುದನ್ನೂ ಕೇಳದೆ ನೆಲದ ಮೇಲಿನ ವೇಗವನ್ನೇ ಹೇಳುವ ಜಿಪಿಎಸ್ ಮೀಟರಿನ ಕಡೆ ಹೊರಳಿದೆವು.

ಆಕಾಶದಿಂದ ವೇಗ

ಜಿಪಿಎಸ್ ಉಪಗ್ರಹಗಳು ನೆಲದಿಂದ 20,200 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತವೆ. ಜಾಗ ಮತ್ತು ಸಮಯ ಎರಡನ್ನೂ ಗೊತ್ತುಮಾಡಲು ಕನಿಷ್ಠ ನಾಲ್ಕು ಉಪಗ್ರಹ ಒಮ್ಮೆಗೇ ಕಾಣಬೇಕು. ಎರಡು ಜಾಗಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ವೇಗ ಹೇಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಒಳ್ಳೆಯ ರಿಸೀವರ್ ಹಾಗೆ ಮಾಡುವುದಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂತಲ್ಲ, ಅದರ ಹಾರ್ನ್ ಹತ್ತಿರ ಬರುವಾಗ ಚೂಪಾಗಿ, ದಾಟಿ ಹೋದಮೇಲೆ ದಪ್ಪಗೆ ಕೇಳುತ್ತದೆ. ಉಪಗ್ರಹ ಕಳಿಸುವ 1575.42 ಮೆಗಾಹರ್ಟ್ಸ್ ಅಲೆಯೂ ಹಾಗೆಯೇ ತುಸು ಏರಿಳಿಯುತ್ತದೆ. ಉಪಗ್ರಹದ ಚಲನೆಯ ಪಾಲನ್ನು ಕಳೆದರೆ ಉಳಿಯುವುದು ನಮ್ಮ ಗಾಡಿಯ ಚಲನೆ. ಇದು ಡಾಪ್ಲರ್ ಲೆಕ್ಕ. ಬಯಲಿನಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಸಾಧಾರಣ ರಿಸೀವರ್ ಕೂಡ ಗಂಟೆಗೆ ಅರ್ಧ ಕಿಲೋಮೀಟರ್ ಆಚೀಚೆಗಿಂತ ಹೆಚ್ಚು ತಪ್ಪುವುದಿಲ್ಲ.

ಇದಕ್ಕೆ ನಮ್ಮ ನೆಲ ಹೇಳಿ ಮಾಡಿಸಿದಂತಿದೆ. ರಾಷ್ಟ್ರೀಯ ಹೆದ್ದಾರಿ 150ಎ ಸಿಂಧನೂರು ಬಿಟ್ಟ ಮೇಲೆ ಎರೆ ಹೊಲಗಳ ನಡುವೆ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ಹೋಗುತ್ತದೆ. ಅಶೋಕನ ಶಾಸನವಿರುವ ಮಸ್ಕಿಯ ಗುಡ್ಡದಂಥ ಕೆಲವು ದಿಬ್ಬಗಳನ್ನು ಬಿಟ್ಟರೆ ಆಕಾಶಕ್ಕೆ ಅಡ್ಡ ಬರುವುದೇ ಕಡಿಮೆ. ಗಗನಚುಂಬಿ ಕಟ್ಟಡ ಇಲ್ಲ, ಸುರಂಗ ಇಲ್ಲ. ಬೆಂಗಳೂರಿನ ಫ್ಲೈಓವರ್ ಕೆಳಗೆ ಒದ್ದಾಡುವ ಮೀಟರು ಇಲ್ಲಿ ಆರಾಮಾಗಿ ಕೆಲಸ ಮಾಡುತ್ತದೆ.

ಒಂದು ಮಾತು ಮಾತ್ರ ನೆನಪಿರಬೇಕು. ಆಕಾಶದಿಂದ ಬರುವ ಈ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಒಂದು ವ್ಯಾಟಿನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟು ಕ್ಷೀಣವಾಗಿರುತ್ತದೆ. ಜೀಪಿನೊಳಗಿನ ಯಾವ ಕಳಪೆ ಚಾರ್ಜರ್ ಕೂಡ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಗದ್ದಲ ಮಾಡಬಲ್ಲದು.

ಕೂಡಿಸುವ ಕೆಲಸ

ಮೀಟರು ಆರಿಸುವಾಗಲೇ ಎರಡು ದಾರಿ. ಪೂರ್ತಿ ಹೊಸ ಮೀಟರನ್ನೇ ಡ್ಯಾಶ್‌ಬೋರ್ಡಿನಲ್ಲಿ ಕೂಡಿಸುವುದು ಒಂದು. ಇನ್ನೊಂದು ನೋಟಕ್ಕೆ ನನಗೆ ಇಷ್ಟವಾದದ್ದು: ಹಳೇ ಡಯಲ್, ಹಳೇ ಮುಳ್ಳು ಹಾಗೇ ಇರುತ್ತವೆ. ಜಿಪಿಎಸ್‌ನಿಂದ ವೇಗ ಓದುವ ಸಣ್ಣ ಪೆಟ್ಟಿಗೆಯೊಂದು ಮೋಟಾರಿನಿಂದ ಹಳೇ ಕೇಬಲ್ಲನ್ನೇ ತಿರುಗಿಸುತ್ತದೆ. ಹಳದಿಗಟ್ಟಿದ ಅಂಕಿಗಳ ಆ ಡಯಲ್‌ನ ಚೆಲುವು ಉಳಿಯುತ್ತದೆ, ಸುಳ್ಳು ಮಾತ್ರ ಹೋಗುತ್ತದೆ. ಖರ್ಚು ಹೆಚ್ಚು, ಹೊಂದಿಸುವ ತಾಳ್ಮೆಯೂ ಹೆಚ್ಚು ಬೇಕು. ಎರಡರಲ್ಲೂ ವೈರಿಂಗ್ ಒಂದೇ ಬಗೆಯದು: ಬ್ಯಾಟರಿಯಿಂದ ಸದಾ ಬರುವ ಒಂದು ವೈರು, ಕೀಲಿ ತಿರುಗಿಸಿದಾಗ ಮಾತ್ರ ಬರುವ ಇನ್ನೊಂದು, ಲೈಟಿಗೊಂದು, ಅರ್ಥ್ ಒಂದು, ಆಂಟೆನಾದ ಕೇಬಲ್.

ಮೊದಲು ನೋಡಬೇಕಾದ್ದು ಗಾಡಿಯ ಕರೆಂಟು ಯಾವ ಜಾತಿಯದು ಎಂದು. ಯುದ್ಧಕಾಲದ ವಿಲ್ಲೀಸ್ ಜೀಪುಗಳು 6 ವೋಲ್ಟಿನವು. ಅವುಗಳಿಗೆ 12 ವೋಲ್ಟ್ ಮಾಡಿಕೊಡುವ ಪರಿವರ್ತಕ ಬೇಕು. ಬ್ರಿಟಿಷ್ ಮೂಲದ ಎಷ್ಟೋ ಹಳೇ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಕೂಡಿಕೊಂಡಿರುತ್ತದೆ. ಇಂದಿನ ಮೀಟರು, ಅದರ ಆಂಟೆನಾದ ಲೋಹದ ಕನೆಕ್ಟರು ಎಲ್ಲವೂ ಮೈನಸ್ ಅರ್ಥಿಗೆ ತಯಾರಾದವು. ಗೊತ್ತಿಲ್ಲದೆ ಕೂಡಿಸಿದರೆ ಕೀಲಿ ತಿರುಗಿಸಿದ ಗಳಿಗೆಯಲ್ಲೇ ಮೀಟರು ಸುಟ್ಟುಹೋಗಬಹುದು. ಅಂಥ ಗಾಡಿಯನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲು ಮೈನಸ್ ಅರ್ಥಿಗೆ ಬದಲಿಸಿ, ಆಮೇಲೆ ಮುಂದುವರಿಯುವುದು ಲೇಸು.

ಕೀಲಿಯ ವೈರನ್ನು ಫ್ಯೂಸ್ ಬಾಕ್ಸಿನಿಂದ ತಗೊಳ್ಳಬೇಕು, ಹತ್ತಿರ ಇದೆಯೆಂದು ಪೆಟ್ರೋಲ್ ಗಾಡಿಯ ಇಗ್ನಿಷನ್ ಕಾಯಿಲ್ಲಿಗೆ ಹೋಗುವ ವೈರಿನಿಂದ ಅಲ್ಲ. ಕಾಯಿಲ್ಲಿನ ಸಾಲಿನಲ್ಲಿ ಕಿಡಿಯ ಗದ್ದಲವೆಲ್ಲ ಇರುತ್ತದೆ. ಸದಾ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ ಸಣ್ಣ ಆಂಪಿಯರಿನ ಫ್ಯೂಸ್ ಇರಲಿ. ಹೊಸ ವೈರಿಂಗ್ ಹಾಕಿದ ಹಳೇ ಗಾಡಿಗೆ ಬೆಂಕಿ ತಗಲುವುದು ಎಷ್ಟೋ ಸಲ ಫ್ಯೂಸಿಲ್ಲದ ಇಂಥ ಎಳೆಗಳಿಂದಲೇ. ವೈರುಗಳನ್ನು ತಿರುಚಿ ಟೇಪ್ ಸುತ್ತಿದರೆ ನಮ್ಮ ರಸ್ತೆಗಳಲ್ಲಿ ಬಹಳ ದಿನ ಬಾಳುವುದಿಲ್ಲ. ಲಗ್ ಒತ್ತಿ ಸ್ಲೀವ್ ಏರಿಸಬೇಕು.

ಆಂಟೆನಾಕ್ಕೆ ಆಕಾಶ ಕಾಣಬೇಕು. ಇಷ್ಟೇ ನಿಯಮ, ಆದರೆ ಹೆಚ್ಚು ತಪ್ಪುವುದೂ ಇದೇ. ಅಂದ ಕೆಡುತ್ತದೆಂದು ಅದನ್ನು ಕಬ್ಬಿಣದ ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿಸುತ್ತಾರೆ. ಪಿಂಗಾಣಿ ಬಿಲ್ಲೆಯಂಥ ಆ ಆಂಟೆನಾಕ್ಕೆ ಮೇಲೆ, ಕೆಳಗೆ ಎಂಬ ಎರಡು ಮುಖಗಳಿವೆ. ಬೋರಲು ಹಾಕಿದರೆ ಅದಕ್ಕೆ ಕಾಣುವುದು ನೆಲ ಮಾತ್ರ. ತಾಡಪತ್ರಿ, ರೆಗ್ಜಿನ್, ಫೈಬರ್, ಗಾಜು, ಪ್ಲಾಸ್ಟಿಕ್ ಇವುಗಳ ಕೆಳಗಿದ್ದರೆ ತೊಂದರೆಯಿಲ್ಲ, ಕಬ್ಬಿಣದ ತಗಡು ಮತ್ತು ಲೋಹದ ಲೇಪವಿರುವ ಸನ್ ಫಿಲ್ಮ್ ಮಾತ್ರ ಆಗದು. ಬಿಲ್ಲೆಯ ಅಡಿಗೆ ಅಂಗೈಯಗಲದ ತಗಡೊಂದಿದ್ದರೆ ಗ್ರಹಿಕೆ ಇನ್ನೂ ಚೆನ್ನಾಗುತ್ತದೆ. ಆದ್ದರಿಂದ ಹುಡ್ ಹೊದಿಸಿದ ಜೀಪಿನಲ್ಲಿ ವಿಂಡ್‌ಸ್ಕ್ರೀನ್ ಬುಡದ ಕಬ್ಬಿಣದ ಅಂಚಿನ ಮೇಲೆ, ಗಾಜಿನ ಒಳಬದಿಗೆ ಅಂಟಿಸುವುದು ನಮಗೆ ಸರಿಹೋಯಿತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಅಗ್ಗದ ಅಂಟು ಏಪ್ರಿಲ್ಲಿನಲ್ಲೇ ಬಿಡುತ್ತದೆ, ಸ್ಕ್ರೂ ಹಾಕುವ ಪಟ್ಟಿ ಮೇಲು. ಕೇಬಲ್ ಉದ್ದವಾಯಿತೆಂದು ಕತ್ತರಿಸಿ ಜೋಡಿಸಬಾರದು, ಸುರುಳಿ ಸುತ್ತಿ ಕಟ್ಟಿ ಬಿಡಬೇಕು. ಆ ಕೇಬಲ್ಲಿನ ಒಳತಂತಿ ಮತ್ತು ಹೊರ ಹೆಣಿಗೆಯ ನಡುವಿನ ಅಂತರವೇ ಅದರ ಗುಣ. ಕೈಯಲ್ಲಿ ತಿರುಚಿದ ಜೋಡು ಆ ಕ್ಷೀಣ ಸಂಕೇತವನ್ನು ಅಲ್ಲೇ ಮುಗಿಸಿಬಿಡುತ್ತದೆ.

‘ಆಕಾಶ ಆಮ್ಯಾಲ ನೋಡೋಣಂತ’

ಮೊದಲ ದಿನ ಮೀಟರಿನ ಲೈಟು ಹತ್ತಿತು, ಮುಳ್ಳು ಒಮ್ಮೆ ಪೂರ್ತಿ ತಿರುಗಿ ವಾಪಸು ಬಂತು, ಅಷ್ಟೆ. ಎಂಜಿನ್ ಚಾಲೂ ಮಾಡಿದಾಗಲೆಲ್ಲ ಆರಿ ಮತ್ತೆ ಹತ್ತುತ್ತಿತ್ತು. ನಾವೆಲ್ಲ ಫೋನಿನಲ್ಲಿ ಉಪಗ್ರಹ ಎಷ್ಟು ಕಾಣುತ್ತವೆ ಎಂದು ಎಣಿಸುತ್ತಿದ್ದರೆ ಮಸ್ಕಿಯ ಮಿಸ್ತ್ರಿಯೊಬ್ಬರು ಬಾನೆಟ್ ಎತ್ತಿ ಹೇಳಿದರು: “ಮೊದ್ಲ ಅರ್ಥ್ ನೋಡ್ರೀ ಅಣ್ಣಾರ, ಆಕಾಶ ಆಮ್ಯಾಲ ನೋಡೋಣಂತ.”

ಈ ಕೆಲಸದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಇದು. ಕೈಯಲ್ಲಿ ಕಟ್ಟಿದ ಗಾಡಿಯಲ್ಲಿ ಚಾಸಿಯನ್ನು ಕೆರೆದು, ಪ್ರೈಮರ್ ಬಳಿದು, ಎರಡು ಕೋಟು ಬಣ್ಣ ಹೊಡೆದಿರುತ್ತಾರೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಬೋಲ್ಟು ಬಿಗಿ ಇದೆ, ವಾಷರ್ ಹೊಳೆಯುತ್ತಿದೆ, ಆದರೆ ಅದರಡಿಯ ಬಣ್ಣವೇ ಅಡ್ಡಗೋಡೆ. ಅರ್ಥ್ ವೈರನ್ನು ಚಾಸಿಗೆ ಕೂಡಿಸುವ ಜಾಗದಲ್ಲಿ ಎಮರಿ ಪೇಪರಿನಿಂದ ಲೋಹ ಹೊಳೆಯುವತನಕ ಉಜ್ಜಬೇಕು, ಬಿಗಿದ ಮೇಲೆ ತುಕ್ಕು ಬಾರದಂತೆ ಗ್ರೀಸ್ ಸವರಬೇಕು. ಎಂಜಿನ್ನಿನಿಂದ ಚಾಸಿಗೆ ಬರುವ ದಪ್ಪ ಹೆಣಿಗೆಯ ಪಟ್ಟಿಯನ್ನೂ ಮರೆಯಬಾರದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆ ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಕೇಬಲ್ಲುಗಳ ಹೊರಕವಚ ಹಿಡಿದು ವಾಪಸು ಹೋಗಲು ನೋಡುತ್ತದೆ.

ಪರೀಕ್ಷೆಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಹೆಡ್‌ಲೈಟ್ ಹಾಕಿ, ಒಂದು ತುದಿ ಮೀಟರಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಸರಿಯಿಲ್ಲ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ 9ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಕೇಬಲ್ ಸೋತಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಆಗ ಮೀಟರಿಗಿಂತ ಮೊದಲು ಅದನ್ನು ನೋಡಬೇಕು. ನಮ್ಮ ಜೀಪಿನ ಕಾಯಿಲೆ ಬಣ್ಣದಡಿಯ ಅರ್ಥೇ ಆಗಿತ್ತು. ಬೋಲ್ಟಿನ ಜಾಗ ಕೆರೆದು ಮತ್ತೆ ಬಿಗಿದ ಮೇಲೆ ಮೀಟರು ಆರಲಿಲ್ಲ.

ಕರೆಂಟು ಸರಿಯಿದ್ದೂ ಮೀಟರು ಹುಡುಕುತ್ತಲೇ ಇದ್ದರೆ ಆಗ ತಾಳ್ಮೆ ಬೇಕು. ಉಪಗ್ರಹ ತನ್ನ ಮಾಹಿತಿಯನ್ನು ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್‌ನಂತೆ. ತನ್ನ ಕಕ್ಷೆಯ ನಿಖರ ವಿವರಕ್ಕೆ ಅರ್ಧ ನಿಮಿಷ ತಗೊಳ್ಳುತ್ತದೆ, ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ. ಫೋನು ಇದನ್ನು ಮೊಬೈಲ್ ನೆಟ್‌ವರ್ಕಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ, ಮೀಟರಿಗೆ ಆ ಅನುಕೂಲವಿಲ್ಲ. ಹೊಸ ಮೀಟರನ್ನೋ, ತಿಂಗಳುಗಟ್ಟಲೆ ಬ್ಯಾಟರಿ ಬಿಚ್ಚಿಟ್ಟ ಗಾಡಿಯನ್ನೋ ಬಯಲಿನಲ್ಲಿ ನಿಲ್ಲಿಸಿ ಕಾಲು ತಾಸು ಬಿಟ್ಟುಬಿಡಬೇಕು. ಸದಾ ಬರುವ ವೈರು ಕೂಡಿಸದಿದ್ದರೆ ಎಷ್ಟೋ ಮೀಟರುಗಳು ಪ್ರತಿ ಬೆಳಿಗ್ಗೆಯೂ ಇದೇ ಪಾಠವನ್ನು ಮೊದಲಿಂದ ಓದುತ್ತವೆ.

ಆಮೇಲೂ ಸಿಗದಿದ್ದರೆ ಗಾಡಿಯೊಳಗಿನ ಗದ್ದಲ ಹುಡುಕಬೇಕು. ಎಂಜಿನ್ ನಿಲ್ಲಿಸಿ, ಮೀಟರು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ ನೋಡಿ. ಹಾಗೆ ಸಿಕ್ಕಿದರೆ ಒಂದೊಂದನ್ನೇ ಹಾಕುತ್ತ ಹೋಗಿ. ಎಷ್ಟೋ ಸಲ ಕಳ್ಳ ಸಿಗುವುದು ಯುಎಸ್‌ಬಿ ಚಾರ್ಜರಿನಲ್ಲಿ, ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರಿನಲ್ಲಿ, ಗಾಜಿಗೆ ಅಂಟಿಸಿದ ಕ್ಯಾಮೆರಾದಲ್ಲಿ. ಆಂಟೆನಾವನ್ನು ಅವುಗಳಿಂದ ಒಂದೆರಡು ಅಡಿ ದೂರ ಸರಿಸಿದರೂ ಬಹಳ ಸಲ ಸರಿಯಾಗುತ್ತದೆ. ಪೆಟ್ರೋಲ್ ಗಾಡಿಯಾದರೆ ರೆಸಿಸ್ಟರ್ ಇರುವ ಪ್ಲಗ್ ಹಾಕಿ. ಡೀಸೆಲ್ ಜೀಪಿಗೆ ಕಿಡಿಯ ಕಾಟವಿಲ್ಲ, ನಮ್ಮ ಕಡೆಯ ಗಾಡಿಗಳಿಗೆ ಇದೊಂದು ಪುಣ್ಯ. ಆದರೆ ಹಳೇ ಡೈನಮೊ ಮತ್ತು ಕಟೌಟ್ ಇರುವ ಗಾಡಿಯಲ್ಲಿ ಎಂಜಿನ್ ಏರಿಸಿದಾಗ ಮಾತ್ರ ವೇಗ ಸೊನ್ನೆಗೆ ಬೀಳುತ್ತಿದ್ದರೆ ಸಂಶಯ ಅಲ್ಲಿಗೇ ಹೋಗಬೇಕು. ನಿಂತಲ್ಲೇ ಎಂಜಿನ್ ಏರಿಸಿ ನೋಡಿದರೆ ಗೊತ್ತಾಗುತ್ತದೆ. ನಿಂತಲ್ಲಿ ಸರಿಯಿದ್ದು, ಕುಣಿಯುವ ರಸ್ತೆಯಲ್ಲಿ ಮಾತ್ರ ತಪ್ಪಿದರೆ ಸಡಿಲಾದ ಕನೆಕ್ಟರು. ಮಳೆಗಾಲದಲ್ಲಿ ಮಾತ್ರ ತಪ್ಪಿದರೆ ನೀರು ಇಳಿದ ಕನೆಕ್ಟರು.

ನಿಂತ ಗಾಡಿ ಮೂರೋ ನಾಲ್ಕೋ ಕಿಲೋಮೀಟರ್ ವೇಗ ತೋರಿಸಿದರೆ ಗಾಬರಿ ಬೇಡ. ರೈಸ್ ಮಿಲ್ಲಿನ ತಗಡಿನ ಗೋಡೆಗೋ ಪಕ್ಕದ ಲಾರಿಗೋ ಬಡಿದು ಬಂದ ಅಲೆ ರಿಸೀವರಿಗೆ ಹಾಗೆ ಮೋಸ ಮಾಡುತ್ತದೆ. ಪೆಟ್ರೋಲ್ ಬಂಕಿನ ಚಾವಣಿ ಕೆಳಗೆ ಕೆಲಹೊತ್ತು ದಾರಿ ತಪ್ಪುವುದೂ ಸಹಜ. ಬ್ರೇಕ್ ಹೊಡೆದ ಮೇಲೆ ಮುಳ್ಳು ತಡವಾಗಿ ಇಳಿಯುತ್ತಿದ್ದರೆ ಆ ಮೀಟರು ಸೆಕೆಂಡಿಗೆ ಒಂದೇ ಸಲ ಲೆಕ್ಕ ಹಾಕುವಂಥದ್ದು. ಸೆಕೆಂಡಿಗೆ ಐದು ಅಥವಾ ಹತ್ತು ಸಲ ಹಾಕುವಂಥದ್ದನ್ನೇ ಕೊಳ್ಳುವುದು ಒಳ್ಳೆಯದು. ಬಹಳ ಹಳೇ ರಿಸೀವರ್ ಇದ್ದು ತಾರೀಖು ಇಪ್ಪತ್ತು ವರ್ಷ ಹಿಂದಿನದು ತೋರಿಸಿದರೆ ಅದಕ್ಕೂ ಕಾರಣವಿದೆ. ಜಿಪಿಎಸ್ ವಾರಗಳನ್ನು 1,024ರತನಕ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಎಣಿಕೆ ಹಾಗೆ ಹೊರಳಿತು. ತಾರೀಖು ಕೆಟ್ಟರೂ ವೇಗದ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ.

ಕಿಲೋಮೀಟರ್ ಕಲ್ಲಿನ ಸಾಕ್ಷಿ

ಕೂಡಿಸಿದ ಮೇಲೆ ಪರೀಕ್ಷಿಸಬೇಕು. ಇದಕ್ಕೆ ಬೆಳಗಿನ ಹೊತ್ತು, ಟ್ರ್ಯಾಕ್ಟರುಗಳು ರಸ್ತೆಗಿಳಿಯುವ ಮುಂಚೆ, ಸಿಂಧನೂರು–ಮಸ್ಕಿ ನಡುವಿನ ನೇರ ದಾರಿ ಅನುಕೂಲ. ಪಕ್ಕದಲ್ಲಿ ಕೂತವರು ಫೋನಿನ ಸ್ಟಾಪ್‌ವಾಚ್ ಹಿಡಿಯಲಿ, ಓಡಿಸುವವರು ರಸ್ತೆ ನೋಡಲಿ. ಒಂದೇ ವೇಗ ಕಾಯ್ದುಕೊಂಡು ಕಿಲೋಮೀಟರ್ ಕಲ್ಲುಗಳನ್ನು ದಾಟಬೇಕು. 60ರಲ್ಲಿ ಒಂದು ಕಿಲೋಮೀಟರಿಗೆ 60 ಸೆಕೆಂಡು, 50ರಲ್ಲಿ 72, 40ರಲ್ಲಿ 90. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನೆಟ್ಟವರ ಕೈ ತುಸು ತಪ್ಪಿರಬಹುದು, ಆದ್ದರಿಂದ ಐದು ಕಿಲೋಮೀಟರಿನ ಲೆಕ್ಕ ತಗೊಂಡರೆ ಮೇಲು: 60ರಲ್ಲಿ ಸರಿಯಾಗಿ ಐದು ನಿಮಿಷ. ಯಾವ ಯಂತ್ರವನ್ನೂ ನಂಬದೆ ಗಡಿಯಾರ ಮತ್ತು ಕಲ್ಲು ಎರಡರಿಂದಲೇ ಸತ್ಯ ತಿಳಿಯುವ ಈ ಪದ್ಧತಿ ನನಗೆ ಬಹಳ ಪ್ರಿಯ.

ಹಿಂದೆ ಬರುವ ಗೆಳೆಯನ ಹೊಸ ಕಾರಿನ ಮೀಟರಿನೊಂದಿಗೆ ಹೋಲಿಸಿ ತೀರ್ಮಾನ ಮಾಡಬೇಡಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಕಾರಿನ ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು: ನಿಜ ವೇಗದ ಶೇಕಡಾ ಹತ್ತು ಮತ್ತು ಮೇಲೆ 4 ಕಿಲೋಮೀಟರ್‌ವರೆಗೆ. ಅಂದರೆ ನಿಜವಾಗಿ 60ರಲ್ಲಿ ಹೋಗುವ ಕಾರು 70 ತೋರಿಸಿದರೂ ನಿಯಮದೊಳಗೇ ಇದೆ. ಅದಕ್ಕೇ ಕಂಪನಿಗಳು ಮುಳ್ಳನ್ನು ತುಸು ಮುಂದೆಯೇ ಇಟ್ಟಿರುತ್ತವೆ. ನಿಮ್ಮ ಜೀಪು 60, ಅವನ ಕಾರು 64 ಎಂದರೆ ಜಿಪಿಎಸ್ ತಪ್ಪಿದೆ ಎಂದು ಅರ್ಥವಲ್ಲ.

ಕಾನೂನು ಕಾಯಲಿ

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮದಂತೆ ವಾಹನಕ್ಕೆ ಕೆಲಸ ಮಾಡುವ ವೇಗದ ಮೀಟರು ಇರಲೇಬೇಕು. ಜಿಪಿಎಸ್ ಮೀಟರು ಚಾವಣಿಯಡಿ ಕುರುಡಾಗುತ್ತದೆ, ಆ ಹೊತ್ತಿನಲ್ಲಿ ಓಡಿದ ಕಿಲೋಮೀಟರನ್ನೂ ಎಣಿಸುವುದಿಲ್ಲ. ಆದ್ದರಿಂದ ಮೂಲದ ಕೇಬಲ್ ಮೀಟರನ್ನು ಕಿತ್ತು ಗುಜರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಜಾಗದಲ್ಲಿರಲಿ, ಜಿಪಿಎಸ್ ಅದರ ಪಕ್ಕದಲ್ಲಿರಲಿ.

ಗಾಡಿಯದೇ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಎಂಜಿನ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರದ ಬೇರೆ ನಂಬರ್ ಕೊಡುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು, ದಿನನಿತ್ಯ ಓಡಿಸುವಂತಿಲ್ಲ. ಬೇರೆಬೇರೆ ಗಾಡಿಗಳಿಂದ ಕಟ್ಟಿದ ವಾಹನಕ್ಕೆ ಈ ಬಾಗಿಲು ತೆರೆಯುವುದು ಕಷ್ಟ. ನಮ್ಮ ಕಡೆಯ ಕೆಎ-36ರ ಆರ್‌ಟಿಒ ಕಚೇರಿಗೆ ಹೋಗಿ ಮೊದಲೇ ಕೇಳಿಕೊಂಡು ಕಟ್ಟುವುದು, ಕಟ್ಟಿದ ಮೇಲೆ ಹೋಗಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು. ಹವ್ಯಾಸಿಗಳು ಸುರಕ್ಷಿತವಾಗಿ ಕಟ್ಟಿದ ಒಂಟಿ ವಾಹನವನ್ನು ಪರೀಕ್ಷಿಸಿ ನೋಂದಾಯಿಸುವ ಪದ್ಧತಿ ಬ್ರಿಟನ್ನಿನಲ್ಲಿದೆ. ನಮ್ಮಲ್ಲೂ ಅಂಥದ್ದೊಂದು ಬರಬೇಕೆಂದು ನಾನು ಬಯಸುತ್ತೇನೆ. ಬರುವತನಕ ಇರುವ ಕಾನೂನೇ ಕಾನೂನು.

ಇನ್ನೊಂದು ಸಂಗತಿ ಹೇಳಬೇಕು. ಈ ಮೀಟರುಗಳು ಇವತ್ತು ನೆಚ್ಚಿರುವುದು ಮುಖ್ಯವಾಗಿ ಅಮೆರಿಕದ ಉಪಗ್ರಹಗಳನ್ನು. ಭಾರತದ ಸ್ವಂತ ವ್ಯವಸ್ಥೆ ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಆರಂಭದ ನಾವಿಕ್ ಉಪಗ್ರಹಗಳ ಸಂಕೇತ ಅಗ್ಗದ ಮೀಟರುಗಳು ಕೇಳಿಸಿಕೊಳ್ಳುವ ತರಂಗಾಂತರದಲ್ಲಿ ಇರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಆ ಎಲ್-1 ತರಂಗಾಂತರವನ್ನೂ, ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವನ್ನೂ ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆಗೆ ಏರಲಾಗಲಿಲ್ಲ. ಸರಣಿಯ ಉಳಿದವು ಮೇಲೇರಿ ನಿಂತರೆ, ಸಿಂಧನೂರಿನ ಜೀಪಿನ ವೇಗವನ್ನು ಬ್ಯಾಲಾಳುವಿನ ಎಂಜಿನಿಯರುಗಳು ನೋಡಿಕೊಳ್ಳುವ ಉಪಗ್ರಹಗಳೇ ಹೇಳುವ ದಿನ ಬರುತ್ತದೆ. ಅದನ್ನು ನೋಡುವ ಆಸೆ ನನಗಿದೆ.

ನಿಮ್ಮ ಮನೆಯ ಹಿಂದೆ, ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಜೀಪು ನಿಂತಿದ್ದರೆ, ಅದನ್ನು ಎಬ್ಬಿಸುವ ಮನಸ್ಸಿದ್ದರೆ, ಖರ್ಚಿನ ಪಟ್ಟಿಯಲ್ಲಿ ಬಣ್ಣ ಮತ್ತು ಅಲಾಯ್ ಚಕ್ರಕ್ಕಿಂತ ಮೊದಲು ಮೂರು ಹೆಸರು ಬರೆಯಿರಿ: ಬ್ರೇಕು, ವೈರಿಂಗು, ವೇಗದ ಮೀಟರು. ಸುಗ್ಗಿಯಲ್ಲಿ ಸಂಜೆಯ ಮೇಲೆ 150ಎ ಹೆದ್ದಾರಿಯಲ್ಲಿ ಹಿಂದಿನ ಲೈಟಿಲ್ಲದ ಭತ್ತದ ಟ್ರೇಲರುಗಳು ಸಾಲುಗಟ್ಟುತ್ತವೆ. ಆ ದಾರಿಗೆ ಗಾಡಿ ಇಳಿಸುವ ಮುಂಚೆ ನಿಮ್ಮ ಮುಳ್ಳು ಹೇಳುವ ಐವತ್ತು ನಿಜವಾಗಿ ಐವತ್ತೇ ಎಂದು ಕಲ್ಲು ಎಣಿಸಿ ಖಾತ್ರಿ ಮಾಡಿಕೊಳ್ಳಿ.